ನಮಿತಾಳಿಗೆ ಹಾಕಿದ ಎಲೆ

“ಬೇವರ್ಸಿ ರಂಡೆ, ಕಿವಿ ಕೇಳ್ತದಾ ಇಲ್ವಾ ನಿನಗೆ? ಎಷ್ಟು ಸಲ ಬೊಗಳ್ಬೇಕು ನಾನು?”

ಅಂಗಳ ಗುಡಿಸುತ್ತಿದ್ದ ಲೋಲಾಕ್ಷಿಯ ಹಿಡಿಸೂಡಿ ತಟಕ್ಕನೆ ನಿಂತಿತು. ಹರಿನಾಥ ದಣಿಯ ಬೈಗುಳ ಕೇಳಿತೆಂದರೆ ಅದು ತನಗೇ ಎಂದು ಅವಳ ಬೆನ್ನಿಗೂ ಅಭ್ಯಾಸವಾಗಿಹೋಗಿತ್ತು. ಆದರೆ ಅವಳು ಬಾಯಿ ತೆರೆಯುವ ಮೊದಲೇ ದಣಿಯ ಮನೆಯ ಚಾವಡಿಯ ಒಳಗಿನಿಂದ ಹುಡುಗಿಯೊಬ್ಬಳು ಉತ್ತರ ಕೊಟ್ಟಳು: “ಕ್ಷಮಿಸಿ ದಣಿಗಳೇ, ತಪ್ಪಾಯಿತು. ಇನ್ನೊಮ್ಮೆ ಹೇಳುವಿರಾ?”

ಅದು ನಮಿತಾಳ ಸ್ವರ. ಸುಗ್ಗಿಯಲ್ಲಿ ಕಾಮಾಲೆ ಬಂದು ತೀರಿಕೊಂಡ ಮಗಳು, ತಾನೇ ಬಾಯಿಗೆ ನೀರು ಬಿಟ್ಟು ಕಳಿಸಿಕೊಟ್ಟ ಮಗಳು. ಲೋಲಾಕ್ಷಿ ಕಿಟಕಿಯ ಸರಳು ಹಿಡಿದು ಇಣುಕಿದಳು. ಚಾವಡಿಯಲ್ಲಿ ಯಾವ ಹುಡುಗಿಯೂ ಇರಲಿಲ್ಲ. ಟಿವಿಯ ಪಕ್ಕದಲ್ಲಿ ಒಡೆದ ತೆಂಗಿನಕಾಯಿಯ ಅರ್ಧ ಗಡಿಯಷ್ಟು ದೊಡ್ಡ ಕಪ್ಪು ಯಂತ್ರವೊಂದು ಕೂತಿತ್ತು, ದಣಿ ಅದಕ್ಕೆ ಬೈಯುತ್ತಿದ್ದ. ಪರದೇಶದಲ್ಲಿರುವ ಮಗಳು ಉಜ್ವಲಾ ರಜೆಗೆ ಬರುವಾಗ ಅಪ್ಪನಿಗೆಂದು ತಂದದ್ದು. ಕೇಳಿದ ಭಜನೆ ಹಾಕುತ್ತದೆ, ಫ್ಯಾನು ತಿರುಗಿಸುತ್ತದೆ, ಎಷ್ಟು ಉಗಿದರೂ ಕ್ಷಮೆ ಕೇಳುತ್ತದೆ.

ನಮಿತಾ ಹೊಸಂಗಡಿಯಲ್ಲಿ ಅಂಗಡಿಯೊಂದರ ಮೇಲಿನ ಕೋಣೆಗೆ ಕೆಲಸಕ್ಕೆ ಹೋಗುತ್ತಿದ್ದಳು. ಮೈಕಿನ ಮುಂದೆ ಕೂತು ಕನ್ನಡ ವಾಕ್ಯ ಓದುವುದು. ಯಂತ್ರಕ್ಕೆ ಮಾತು ಕಲಿಸುವುದು ಅನ್ನುತ್ತಿದ್ದಳು. ಒಂದು ಸಂಜೆ ಚಪ್ಪಲಿ ಬಿಚ್ಚುತ್ತ ನಕ್ಕಿದ್ದಳು: “ಇವತ್ತು ಇಡೀ ದಿನ ಕ್ಷಮೆ ಕೇಳಿದ್ದೇ ಕೇಳಿದ್ದು ಅಮ್ಮ, ಒಂದು ತಪ್ಪೂ ಮಾಡದೆ.” ಅಮ್ಮನೂ ಅಜ್ಜಿಯೂ ಸೊಂಟ ಮುರಿದುಕೊಂಡ ದಣಿಯ ಅಂಗಳಕ್ಕೆ ಸೂಡಿ ಹಿಡಿದು ಕಾಲಿಡುವುದಿಲ್ಲ ಎಂದು ಹಟ ಹಿಡಿದು ಡಿಗ್ರಿ ಮುಗಿಸಿದ ಹುಡುಗಿ. ಲೋಲಾಕ್ಷಿಗೆ ಬದುಕಿನಲ್ಲಿ ಇದ್ದ ಒಂದೇ ಜಂಬ ಅದು.

ಮರುದಿನ ಮೆಟ್ಟಿಲ ಕೆಳಗೆ ನಿಂತು, ಅದು ನನ್ನ ಮಗಳ ಸ್ವರ, ದಯಮಾಡಿ ನಿಲ್ಲಿಸಿಬಿಡಿ ಎಂದು ಕೈಮುಗಿದಳು. ದಣಿಯ ಜೊತೆ ಇಬ್ಬರು ನೆಂಟರು ಎಲೆಅಡಿಕೆ ಹಾಕುತ್ತ ಕೂತಿದ್ದರು. ದಣಿಗೆ ಹುರುಪು ಬಂತು. ಯಂತ್ರವನ್ನು ಎಬ್ಬಿಸಿ, “ನಾನು ಹರಿನಾಥ ದಣಿಗಳ ಮನೆ ಕೆಲಸದವಳು ಅಂತ ಹೇಳು” ಎಂದ. ಅದು ಹೇಳಿತು. ತುಂಬ ವಿನಯದಿಂದ ಹೇಳಿತು. ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಬದುಕಿದ್ದಾಗ ಈ ಅಂಗಳಕ್ಕೆ ಕಾಲು ಹಾಕ್ಲಿಕ್ಕೆ ಅವಳಿಗೆ ಆಗ್ತಿರ್ಲಿಲ್ಲ, ಭಾರೀ ಪೊಗರು. ಈಗ ನೋಡು, ಸಂಬಳ ಇಲ್ಲ, ಊಟ ಇಲ್ಲ, ಚಾವಡಿಯಲ್ಲೇ ಬಿದ್ದಿದ್ದಾಳೆ. ಖುಷಿ ಪಡು ಮಾರಾಯ್ತಿ” ಎಂದ ದಣಿ.

ಲೋಲಾಕ್ಷಿಯ ಹಿಂದೆಯೇ ಹಿತ್ತಿಲಿಗೆ ಬಂದ ಉಜ್ವಲಾಳ ಮುಖ ಬಾಡಿತ್ತು. ಅವಳಿರುವ ದೇಶದಲ್ಲಿ ಕಾನೂನು ಉಂಟಂತೆ. ಅಲ್ಲಿಯವರ ಸ್ವರವನ್ನು ಹೀಗೆ ಬಳಸಿದರೆ ಒಂದು ಅರ್ಜಿ ಸಾಕು, ಕಂಪೆನಿ ಅಳಿಸಲೇಬೇಕಂತೆ. ಹಾಗಾದರೆ ನೀವೇ ಒಂದು ಅರ್ಜಿ ಹಾಕಿ ಅಕ್ಕಾ ಎಂದು ಲೋಲಾಕ್ಷಿ ಅವಳ ಕೈ ಹಿಡಿದಳು. ಉಜ್ವಲಾ ತಲೆ ಅಲ್ಲಾಡಿಸಿದಳು. ಆ ಕಾನೂನು ಅಲ್ಲಿ ವಾಸ ಇರುವವರಿಗೆ ಮಾತ್ರ. ಈ ಪುತ್ತಿಗೆ ಊರಿನವರಿಗೆ ಅಲ್ಲ, ಸತ್ತವರಿಗಂತೂ ಅಲ್ಲವೇ ಅಲ್ಲ.

ಠಾಣೆಗೆ ಹೋಗುವುದು ಬೇಡ ಎಂದ ಗಂಡ ಕುಂಞ. ನಮ್ಮ ಮನೆಗೆ ದಾರಿ ಇರುವುದೇ ಅವರ ಜಾಗದಲ್ಲಿ, ನಾಳೆ ಬೇಲಿ ಹಾಕಿದರೆ ಹಾರಿಕೊಂಡು ಬರುವುದಾ ಎಂದ. ಆದರೂ ಅವಳು ಹೋದಳು. ಮೇಜಿನ ಹಿಂದೆ ಕೂತವನು ಫೋನು ನೋಡುತ್ತಲೇ ದೂರು ಯಾರ ಮೇಲೆ ಎಂದು ಕೇಳಿದ. ಯಾರ ಮೇಲೆಂದು ಹೇಳುವುದು? ಹೊಸಂಗಡಿಯ ಕೋಣೆಗೆ ಬೀಗ ಬಿದ್ದಿದೆ. ಅದನ್ನು ನಡೆಸಿದವನು ಗಡಿಯಾಚೆ ಮಂಗಳೂರಿನವ, ಇದು ಕೇರಳ, ಅದು ಬೇರೆ ರಾಜ್ಯ. ಕಂಪೆನಿ ಒಂದು ದೇಶದ್ದು, ಸ್ವರ ಕೂಡಿಟ್ಟ ಯಂತ್ರಗಳು ಇನ್ನೊಂದು ದೇಶದಲ್ಲಿ.

“ಎಲ್ಲಾ ದೇಶದವರು ಕೂತು ಮೀಟಿಂಗ್ ಮಾಡ್ತಾ ಇದ್ದಾರೆ. ಎಲ್ಲರಿಗೂ ಒಂದೇ ಕಾನೂನು ಆಗಲಿ, ಮತ್ತೆ ಬಾ.”

“ಅಷ್ಟರವರೆಗೆ ನನ್ನ ಮಗಳು ಅಲ್ಲಿ ಬೈಗುಳ ತಿಂದುಕೊಂಡು ಇರ್ಬೇಕಾ ಸಾರ್?”

“ಎಂತ ಮಗಳು? ಅದು ಮಿಷನ್. ತಲೆ ಸರಿ ಉಂಟಾ ನಿನಗೆ? ನಡಿ ಹೊರಗೆ.”

ಸುಳ್ಳು ಯಾಕೆ ಹೇಳಬೇಕು, ಆ ಸ್ವರ ಕೇಳಲು ಅವಳ ಹೆತ್ತ ಹೊಟ್ಟೆ ಹಂಬಲಿಸುತ್ತಲೂ ಇತ್ತು. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತ ಕಿಟಕಿಯ ಬುಡದಲ್ಲೇ ಸುಳಿಯುತ್ತಿದ್ದಳು. ಕೇಳಿದರೆ ಎದೆ ಒಡೆಯುತ್ತಿತ್ತು, ಕೇಳದಿದ್ದರೆ ಮನೆಗೆ ಹೊರಡಲು ಕಾಲು ಏಳುತ್ತಿರಲಿಲ್ಲ.

ಅಷ್ಟರಲ್ಲಿ ಆಟಿ ತಿಂಗಳು ಬಂತು. ಸತ್ತವರನ್ನು ಮನೆಯೊಳಗೆ ಕರೆದು ಎಲೆ ಹಾಕಿ ಬಡಿಸುವ ತಿಂಗಳು. ನಮಿತಾಳಿಗೆ ಇದು ಮೊದಲ ಎಲೆ. ಕುಂಞ ಕೋಳಿ ಕೊಯ್ದ. ಲೋಲಾಕ್ಷಿ ಸಾರು ಕುದಿಸಿದಳು, ಮಗಳಿಗೆ ಆಸೆಯೆಂದು ಒಣಮೀನಿನ ಚಟ್ನಿ ಅರೆದಳು. ಅವನು ಹೊಸ್ತಿಲಲ್ಲಿ ನಿಂತು ಮಗಳನ್ನು ಕರೆಯಲು ಹೊರಟಾಗ ಅವಳು ಅವನ ಕೈ ತಡೆದಳು. ಬೇರೆಯವರ ಚಾಕರಿಯಲ್ಲಿ ಸಿಕ್ಕಿಬಿದ್ದವಳು ಇಲ್ಲಿಂದ ಕರೆದರೆ ಹೇಗೆ ಬಂದಾಳು? ಅನ್ನ, ಸಾರು ಬುಟ್ಟಿಯಲ್ಲಿಟ್ಟು, ಬಾಳೆಲೆ ಕಂಕುಳಲ್ಲಿ ಸಿಕ್ಕಿಸಿ ಮಳೆಯಲ್ಲೇ ನಡೆದಳು.

ಕೆಸರು ಕಾಲಿನಲ್ಲೇ ದಣಿಯ ಚಾವಡಿಯ ಮೆಟ್ಟಿಲು ಹತ್ತಿದಳು. ಅವಳ ಕಡೆಯವರು ಯಾರೂ ಅದುವರೆಗೆ ಹತ್ತಿದ ಮೆಟ್ಟಿಲಲ್ಲ. ಯಂತ್ರದ ಎದುರು ಎಲೆ ಹಾಸಿ ಬಡಿಸಿದಳು. ದಣಿಯ ಹೆಂಡತಿ ಪಂಕಜಾಕ್ಷಿ ಒಳಗಿನಿಂದ ಬಂದವಳು ಕಂಬ ಹಿಡಿದು ನಿಂತಳು.

“ಲೋಲಾಕ್ಷಿ, ದೀಪ ಇಡುವ ಚಾವಡಿ ಇದು. ಇಲ್ಲಿ ಸತ್ತವರ ಎಲೆ ಹಾಕ್ತೀಯಾ?”

“ಅವಳು ಇಲ್ಲೇ ಇರುವುದಲ್ವಾ ಅಮ್ಮ. ಇದ್ದಲ್ಲಿ ಬಡಿಸಿದೆ.”

ಮಧ್ಯಾಹ್ನದ ನಿದ್ದೆಯಿಂದೆದ್ದು ಬಂದ ಹರಿನಾಥ ದಣಿ ಎಲೆಯನ್ನು ಒದೆಯಲು ಕಾಲೆತ್ತಿದ. ಪಂಕಜಾಕ್ಷಿ ಓಡಿಬಂದು ಅವನ ರಟ್ಟೆ ಹಿಡಿದಳು. ಸತ್ತವರಿಗೆ ಹಾಕಿದ ಎಲೆಯನ್ನು ಬಡಿಸಿದವರೇ ಎತ್ತಬೇಕು, ಬೇರೆಯವರು ಮುಟ್ಟಿದರೆ ಸಾವು ಅವರ ಮನೆಯಲ್ಲೇ ಉಳಿಯುತ್ತದೆ ಎಂಬ ಹೆದರಿಕೆ ದಣಿಗೂ ಇತ್ತು. ಎತ್ತಿದ ಕಾಲನ್ನು ಕೆಳಗಿಟ್ಟು ಲೋಲಾಕ್ಷಿಯ ಹೆತ್ತವರನ್ನೆಲ್ಲ ಸೇರಿಸಿ ಬೈಯತೊಡಗಿದ.

ಲೋಲಾಕ್ಷಿ ಯಂತ್ರದ ಕಡೆ ಬಾಗಿದಳು. “ನಮಿತಾ, ಬಾ ಮಗಾ. ಕೆಲಸ ಮಾಡಿದ್ದು ಸಾಕು. ಉಂಡು ಮನೆಗೆ ಹೋಗುವ.”

ಯಂತ್ರ ಸುಮ್ಮನಿತ್ತು.

ಉಜ್ವಲಾ ಕಣ್ಣು ಒರೆಸಿಕೊಳ್ಳುತ್ತ ಹತ್ತಿರ ಬಂದಳು. “ಲೋಲಾಕ್ಷಿ, ಅದಕ್ಕೆ ಆ ಹೆಸರು ಗೊತ್ತಿಲ್ಲ. ಕಂಪೆನಿಯವರು ಮಿಲಿ ಅಂತ ಇಟ್ಟದ್ದು. ಹಾಗೆ ಕರಿ, ಮಾತಾಡ್ತದೆ.”

ಒಂದೇ ಒಂದು ಮಾತು ಕೇಳಬೇಕೆಂದು ಲೋಲಾಕ್ಷಿಯ ಜೀವ ಹಿಂಡುತ್ತಿತ್ತು. ಆ ಹೆಸರು ನಾಲಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿಕೊಂಡಳು.

“ಅದು ಅವರಿಟ್ಟ ಹೆಸರು ಅಕ್ಕಾ. ನಾನು ಹೆತ್ತದ್ದು ನಮಿತಾಳನ್ನು.”

ಅವಳು ಎಲೆಯ ಮುಂದೆ ಕಾಲು ಮಡಚಿ ಕೂತಳು. ಎಲೆ ಎತ್ತಿಕೊಂಡು ಎದ್ದು ಹೋಗು ಎಂದು ದಣಿ ಕಿರುಚುತ್ತಲೇ ಇದ್ದ. ಸಾರು ಆರಿತು, ಅನ್ನದ ಮೇಲೆ ನೊಣ ಕೂತಿತು. ಲೋಲಾಕ್ಷಿ ಅದನ್ನು ಕೈಬೀಸಿ ಓಡಿಸಿ, ಮಗಳನ್ನು ಮತ್ತೆ ಹೆಸರು ಹಿಡಿದು ಕರೆದಳು.