ನೆರಿಗೆ ಮುರಿದ ಕಿಲ್ಟ್

ನಾನು ಒಂದು ಕಿಲ್ಟ್, ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತುವ ನೆರಿಗೆಯ ಉಡುಪು. ಲಂಗ ಎಂದವರ ಮೇಲೆ ನನಗೆ ಸಿಟ್ಟು ಬರುತ್ತದೆ, ಬಂದು ಮಾಡುವುದೇನು?

ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿ ದರ್ಜಿಯೊಬ್ಬ ಏಳು ಗಜ ಚೌಕಳಿ ಉಣ್ಣೆಯಿಂದ ನನ್ನನ್ನು ಹೊಲಿದ. ಮುಂದೆ ಸಪಾಟು, ಹಿಂದೆ ನೆರಿಗೆ. ಒಂದು ಶಾಲೆಯ, ಚೀಲಕ್ಕೆ ಗಾಳಿ ಊದಿ ನುಡಿಸುವ ಬ್ಯಾಗ್‌ಪೈಪ್ ಬ್ಯಾಂಡಿಗೆ ಹೋಗಿ, ಅಲ್ಲಿನ ಬ್ಯಾಂಡ್ ಮಾಸ್ತರ ಬಾಳಪ್ಪನವರ ಸೊಂಟ ಸೇರಿದೆ.

ಮಾಸ್ತರರು ಬಲು ಕಟ್ಟುನಿಟ್ಟು. ಕಿಲ್ಟ್ ಉಟ್ಟವರು ನೆರಿಗೆ ಮುರಿದೀತೆಂದು ಪರೇಡ್ ಮುಗಿಯುವ ತನಕ ಕೂರುವಂತಿಲ್ಲ. ಎಲ್ಲರನ್ನೂ ಸಾಲಾಗಿ ಮೊಣಕಾಲೂರಿಸಿ, ಅಂಚು ನೆಲದಿಂದ ಒಂದು ಬೆರಳು ಮೇಲಿದೆಯೇ ಎಂದು ನೋಡುತ್ತಿದ್ದರು. ಅಂಚು ನೆಲ ಮುಟ್ಟಿದರೆ, ಎಷ್ಟೇ ಚೆನ್ನಾಗಿ ನುಡಿಸುವವನಾದರೂ ಸಾಲಿನಿಂದ ಹೊರಗೆ.

ಅವರು ನಿವೃತ್ತರಾದಾಗ ಶಾಲೆ ನನ್ನನ್ನು ಅವರಿಗೇ ಕೊಟ್ಟಿತು. ಆಮೇಲೆ ಅವರಿಗೆ ಹೊಟ್ಟೆಯ ಆಪರೇಶನ್ ಆಯಿತು. ಪ್ಯಾಂಟು ಗಾಯದ ಜಾಗಕ್ಕೆ ಒತ್ತುತ್ತಿತ್ತು, ಲುಂಗಿ ಜಾರುತ್ತಿತ್ತು. ಕೊನೆಗೆ ಟ್ರಂಕಿನಿಂದ ನನ್ನನ್ನು ತೆಗೆದು, ಬಕಲ್ ಸಡಿಲಿಸಿ, ಹೊಟ್ಟೆಗೆ ಸಡಿಲಾಗಲೆಂದು ನೆರಿಗೆಯನ್ನು ಮುಂದಕ್ಕೆ ತಿರುಗಿಸಿ ಉಟ್ಟರು. ಕಟ್ಟೆಯ ಮೇಲೆ ಕಾಲು ಚಾಚಿ ಶೇಂಗಾ ಸುಲಿಯತೊಡಗಿದರು.

“ಮಂದಿ ನೋಡಿದ್ರ ನಗ್ತಾರ್ರಿ,” ಎಂದರು ಹೆಂಡತಿ ತಾರವ್ವ.

“ನಗಲಿ ಬಿಡು. ಹೆಂಗ ಗಾಳಿ ಆಡ್ತದ! ಇಷ್ಟ ವರ್ಷ ಇದರ ಸುಖಾನ ಗೊತ್ತಿರ್ಲಿಲ್ಲ ನೋಡು.”

ನಿಜ ಹೇಳುತ್ತೇನೆ, ನನಗೂ ಹಿತವಾಗಿತ್ತು. ಆದರೆ ಎರಡು ವರ್ಷ ಕೂತು ಕೂತು ನನ್ನ ನೆರಿಗೆಗಳು ಮುರಿದವು, ಅಂಚು ಜೋತುಬಿತ್ತು.

ಒಂದು ದಿನ ಹಳೆಯ ಶಿಷ್ಯ ಸದಾನಂದ ಬಂದ. ಈಗ ಅವನೇ ಬ್ಯಾಂಡ್ ಮಾಸ್ತರ. “ವಾರ್ಷಿಕೋತ್ಸವಕ್ಕ ಹಳೇ ಮಂದಿ ಎಲ್ಲಾ ನುಡಸ್ತೀವ್ರಿ ಸರ್. ಮುಂದ ನೀವ ನಿಂದರಬೇಕು,” ಎಂದ. ಮಾಸ್ತರರ ಕಣ್ಣು ತುಂಬಿ ಬಂತು.

ತಾರವ್ವ ಒದ್ದೆ ಬಟ್ಟೆ ಹಾಸಿ ಮೂರು ಸಲ ಇಸ್ತ್ರಿ ಮಾಡಿದರು. ನಾನೂ ಉಸಿರು ಬಿಗಿಹಿಡಿದೆ. ಉಣ್ಣೆ ಮಾತು ಕೇಳಲಿಲ್ಲ.

ಮೈದಾನದಲ್ಲಿ ಮಾಸ್ತರರು ಅಭ್ಯಾಸಬಲದಿಂದ ಎಲ್ಲರನ್ನೂ ಮೊಣಕಾಲೂರಿಸಿ ಸಾಲು ನೋಡಿದರು. ಕೊನೆಗೆ ತಾವೂ ಮೊಣಕಾಲೂರಿದರು.

“ಹೆಂಗದ ಸದಾನಂದ?”

“ಛಲೋ ಐತ್ರಿ ಸರ್.”

ಮಾಸ್ತರರು ಬಗ್ಗಿ ನೋಡಿದರು. ನಾನು ನೆಲ ಮುಟ್ಟಿದ್ದೆ. “ನಿನ್ನ ಅಂಚು ಹಿಂಗಿದ್ದಾಗ ನಿನಗ ನಾ ಏನ್ ಮಾಡಿದ್ದೆ?” ಎಂದು ಕೇಳಿದರು. ತಾವು ಹಿಡಿದಿದ್ದ ಬ್ಯಾಗ್‌ಪೈಪನ್ನು ಅವನ ಕೈಗಿತ್ತು, ಯಾರು ಕರೆದರೂ ತಿರುಗದೆ ಸಾಲಿನಿಂದ ಹೊರನಡೆದರು. ನಾನು ಒಂದು ಬೆರಳು ಮೇಲೆದ್ದಿದ್ದರೆ ಸಾಕಿತ್ತು. ಬಟ್ಟೆಗೆ ಅಷ್ಟೂ ಕೈಲಾಗದು.

ಈಗ ಅವರು ಮನೆಯಲ್ಲೂ ಪ್ಯಾಂಟೇ ತೊಡುತ್ತಾರೆ. “ನೋವಾದ್ರ ಅದನ್ನ ಉಟ್ಕೋರಿ,” ಎಂದು ತಾರವ್ವ ಗೋಗರೆಯುತ್ತಾರೆ. ಮಾಸ್ತರರು ಹೊಟ್ಟೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂರುತ್ತಾರೆ. ನಾನು ಎರಡು ಮಾರು ದೂರದಲ್ಲಿ, ಬಾಗಿಲ ಹಿಂದಿನ ಗೂಟದಲ್ಲಿ ತೂಗುತ್ತಿದ್ದೇನೆ.