ಬಾಯಿಗೆ ಬಿದ್ದ ಸಕ್ಕರೆ

ಗಾದಿ ಹೊಲಿಯುವ ದೊಡ್ಡ ಸೂಜಿಯಿಂದ ಶಾಹೀನ ಕಬಡ್ಡಿ ಆಡುವ ತಂಗಿಯ ಮೊಣಕಾಲು ಪಟ್ಟಿಯ ಹರಿದ ಅಂಚನ್ನು ಹೊಲಿಯುತ್ತಿದ್ದಳು. ಒಳಗಿನ ಸ್ಪಂಜು ಸವೆದು ಹಾಳೆಯಂತಾಗಿತ್ತು. ಅದನ್ನು ಕಿತ್ತೆಸೆದು, ಅಬ್ಬಾ ಹಿಂಜಿಟ್ಟಿದ್ದ ಹತ್ತಿಯಲ್ಲಿ ಒಂದು ಹಿಡಿ ತಂದು ತುಂಬಿದ್ದಳು. ಪಕ್ಕದಲ್ಲಿ ಆ ತಂಗಿ ಮಿನಾಜ ಗೋಡೆಗೆ ಒರಗಿ ಕಾಲು ಚಾಚಿಕೊಂಡು ಕುಳಿತಿದ್ದಳು. ಒಲೆಯ ಮುಂದೆ ಅಮ್ಮ ಹಮೀದಾಬೇಗಂ ಬಗಾರಾ ಅನ್ನಕ್ಕೆ ಒಗ್ಗರಣೆ ಹಾಕುತ್ತಿದ್ದಳು. ಮೂವರ ಕಿವಿಯೂ ಪರದೆಯ ಕಡೆಗಿತ್ತು. ಪರದೆಯ ಆಚೆ ಬೀಗರು ಬಂದು ಕುಳಿತಿದ್ದರು.

ಮಟಕಿ ಊರಿನ ಈ ಮನೆಗೆ ಮಣ್ಣೂರಿನಿಂದ ಬಂದವನು ಮುಸ್ತಕೀಮ, ಶಾಹೀನಳನ್ನು ಮದುವೆಯಾಗಬೇಕಾದ ಅಮೀರನ ಅಣ್ಣ. ಮಾತು ಪಕ್ಕಾ ಆಗಿ ಒಂದು ರಮಜಾನ್ ಕಳೆದಿತ್ತು. ಇವತ್ತು ನಿಕಾಹದ ತಾರೀಕು ಹಿಡಿಯಲು ಬರುತ್ತೇವೆ ಎಂದು ಫೋನಿನಲ್ಲಿ ಹೇಳಿದ್ದರು. ತಾರೀಕು ಹಿಡಿಯುವುದಕ್ಕೆ ಮನೆಯ ಹಿರಿಯರು, ಹೆಂಗಸರು ಬರುತ್ತಾರೆ ಎಂದು ಶಾಹೀನ ಅಂದುಕೊಂಡಿದ್ದಳು. ಬಂದದ್ದು ಮುಸ್ತಕೀಮ ಮತ್ತು ಬಿಳಿ ಅಂಗಿಯ ಒಬ್ಬ ಅಪರಿಚಿತ. ಆ ಮನುಷ್ಯ ಕುರ್ಚಿಯ ತುದಿಯಲ್ಲಿ ಕುಳಿತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಪದೇ ಪದೇ ಪರದೆಯ ಕಡೆ ನೋಡುತ್ತಿದ್ದ.

ಏಳನೇ ತರಗತಿಗೆ ಶಾಲೆ ಬಿಟ್ಟ ಮೇಲೆ ಶಾಹೀನ ಕಲಿತದ್ದೆಲ್ಲ ಈ ಪರದೆಯ ಹಿಂದೆ ನಿಂತೇ. ಗಾದಿ ಹೊಲಿಸಲು ಬಂದವರಲ್ಲಿ ಯಾರು ಮಾತಿಗೆ ನಿಲ್ಲುತ್ತಾರೆ, ಯಾರು ತಿಂಗಳುಗಟ್ಟಲೆ ತಿರುಗಾಡಿಸುತ್ತಾರೆ ಎಂದು ಅವರು ಚಪ್ಪಲಿ ಬಿಡುವ ರೀತಿಯಲ್ಲೇ ಹೇಳಬಲ್ಲಳು. ಬಿಳಿ ಅಂಗಿಯವನ ಬೂಟು ಹೊಸ್ತಿಲ ಕಡೆಗೆ ಮೂತಿ ಮಾಡಿ, ಹೊರಡಲು ತಯಾರಾಗಿ ನಿಂತಿದ್ದವು.

"ಶಾಹೀನಾ ಬೇಟಿ, ಒಂದೀಟು ಸಕ್ರಿ ಕೊಡವ್ವ," ಎಂದು ಮುಸ್ತಕೀಮ ಕೂಗಿದ. "ಬಾಯಿ ಸಿಹಿ ಮಾಡೋಣು."

ಅವಳ ಕಿವಿ ಬಿಸಿಯಾದವು. ತಾರೀಕು ಹಿಡಿದರು ಎಂದುಕೊಂಡಳು. ಸೂಜಿಯನ್ನು ಚಾಪೆಗೆ ಚುಚ್ಚಿಟ್ಟು, ಸಕ್ಕರೆಯ ಬಟ್ಟಲನ್ನು ಸೆರಗಿನಿಂದ ಒರೆಸಿ, ಪರದೆಯ ಅಂಚಿನಿಂದ ಕೈ ಚಾಚಿ ಕೊಟ್ಟಳು. ಅಮ್ಮ ಒಲೆಯ ಮುಂದಿನಿಂದಲೇ ಅವಳನ್ನು ನೋಡಿ ಕಣ್ಣಲ್ಲಿ ನಕ್ಕಳು.

"ಚಿಕ್ಕಾಕಿನ್ನ ಕರೀರಿ ಮಾಮು," ಎಂದ ಮುಸ್ತಕೀಮ. "ಆಟಗಾರ್ತಿಗೆ ಮೊದಲ."

"ಬಾ ಮಿನಾಜ, ನಿನಗೂ ಬೇಕಂತ ನೋಡು," ಎಂದು ಅಬ್ಬಾ ಹುಸೇನಪೀರ ನಗುತ್ತ ಕರೆದ.

ಮಿನಾಜ ದುಪಟ್ಟಾ ಎಳೆದುಕೊಂಡು ಹೊರಗೆ ಹೋದಳು. ಮುಸ್ತಕೀಮ ಅವಳ ಅಂಗೈಗೆ ಸಕ್ಕರೆ ಹಾಕಿದ. ಅವಳು ಬಾಯಿಗೆ ಹಾಕಿಕೊಂಡಳು. ಅಷ್ಟರಲ್ಲಿ ಬಿಳಿ ಅಂಗಿಯವನು ಎದ್ದು, ಚೀಲದಿಂದ ನೀಲಿ ಬಟ್ಟೆಯೊಂದನ್ನು ತೆಗೆದು ಅವಳ ಎರಡೂ ಕೈಗೆ ಕೊಟ್ಟ. ಮುಸ್ತಕೀಮನ ಫೋನು ಕ್ಲಿಕ್ ಎಂದಿತು. ಶಾಹೀನ ಪರದೆಯ ಸಂದಿಯಿಂದ ತಂಗಿಯ ಮುಖವನ್ನೇ ನೋಡುತ್ತಿದ್ದಳು. ಅಗಿಯುತ್ತಿದ್ದ ದವಡೆ ನಡುವೆಯೇ ನಿಂತುಬಿಟ್ಟಿತು. ಮಿನಾಜ ಆ ಮನುಷ್ಯನನ್ನು ಗುರುತಿಸಿದ್ದಳು. ಮೈದಾನದಲ್ಲಿ ಸಿಳ್ಳೆ, ಟೋಪಿಯೊಂದಿಗೆ ಮಾತ್ರ ಕಂಡವನಾದ್ದರಿಂದ ಗುರುತು ಸಿಗುವುದು ತಡವಾಗಿತ್ತು.

"ಇವರು ಜಗದೇವ ಸರ್," ಎಂದ ಮುಸ್ತಕೀಮ. "ಅಮೀರ ನೌಕರಿ ಮಾಡೋ ಅಫಜಲಪುರದ ಕಾಲೇಜಿನಾಗ ಕಬಡ್ಡಿ ಕಲಸ್ತಾರ. ನಾನೂ ಅಲ್ಲೇ ಬಸ್ ಹೊಡೀತೇನಿ, ನಿಮಗ ಗೊತ್ತದಲ್ಲ. ಇನ್ನ ಮ್ಯಾಲ ಮಿನಾಜ ನಮ್ಮ ಟೀಮಿನಾಕಿ."

ಹುಸೇನಪೀರನ ನಗು ಮುಖದ ಮೇಲೆ ಉಳಿದಿತ್ತು, ಕಣ್ಣು ಮಾತ್ರ ಬೇರೆಯಾಗಿದ್ದವು. "ಅಲ್ರಿ, ಆಕಿ ಆಳಂದದಾಗ ಧರ್ಮಣ್ಣ ಸರ್ ಕೈಯಾಗ..."

"ಪಿ.ಯು. ಮುಗೀತಲ್ಲ ಮಾಮು. ಡಿಗ್ರಿಗೆ ಎಲ್ಲಿ ಬೇಕಾದ್ರೂ ಸೇರಬಹುದು. ಕೈಗೆ ಬೇಡಿ ಹಾಕ್ಯಾರೇನು?"

"ನಮ್ಮಲ್ಲಿ ಮ್ಯಾಟ್ ಅದ್ರಿ," ಎಂದ ಜಗದೇವ, ಮೆತ್ತಗೆ. "ಅಲ್ಲಿ ಮಣ್ಣಾಗ ಬಿದ್ದು ಮೊಣಕಾಲು ಸುಲಕೋತಾಳ. ಹಾಸ್ಟೆಲ್ ಅದ, ಊಟ ಅದ. ನಿಮ್ಮ ಮಗಳ ಕಾಲು ದೇವರು ಕೊಟ್ಟಿದ್ದು. ಕೆಡಸಬ್ಯಾಡ್ರಿ."

"ಬೀಗರು ಅಂದಮ್ಯಾಲ ಒಬ್ಬರಿಗೊಬ್ಬರು ಆಗಬೇಕು," ಎಂದ ಮುಸ್ತಕೀಮ ಫೋನಿನ ಮೇಲೆ ಬೆರಳಾಡಿಸುತ್ತ. "ಅಮೀರನ ನೌಕರಿ ಇನ್ನೂ ಹಂಗಾಮಿ. ಮಟಕಿ ಹುಡುಗಿನ್ನ ತಾ, ನಿಂದು ಕಾಯಂ ಮಾಡ್ತೇವಿ ಅಂದಾರ ಕಾಲೇಜಿನ ದೊಡ್ಡವರು. ಅದೊಂದು ಆತು ಅಂದ್ರ ತಾರೀಕು ಹಿಡಿಯೋದೇನು ದೊಡ್ಡ ಮಾತು? ನಾಳಿ ಮುಂಜಾನೆ ನಾನೇ ಗಾಡಿ ತರ್ತೇನಿ. ಆಕಿ ಬಟ್ಟಿ ಕಟ್ಟಿಡ್ರಿ."

ಅವನ ದನಿಯಲ್ಲಿ ಗದರಿಕೆ ಇರಲಿಲ್ಲ. ಅದಕ್ಕೇ ಶಾಹೀನ ಇನ್ನಷ್ಟು ಕಿವಿಗೊಟ್ಟಳು. ಅದೊಂದು ಆಗದಿದ್ದರೆ ಏನು ಎಂಬುದನ್ನು ಅವನು ಹೇಳಲೇ ಇಲ್ಲ.

ಮಿನಾಜ ಒಳಗೆ ಬಂದು ನೇರವಾಗಿ ಬಚ್ಚಲಿಗೆ ಹೋದಳು. ನೀರು ಮುಕ್ಕಳಿಸಿ ಉಗುಳಿದಳು, ಮತ್ತೆ ಮುಕ್ಕಳಿಸಿದಳು. ಸಕ್ಕರೆ ಆಗಲೇ ಕರಗಿ ಹೋಗಿತ್ತು.

"ನನಗ ಗೊತ್ತಿದ್ದಿಲ್ಲ ಆಪಾ," ಎಂದಳು. "ನಿನ್ನ ಲಗ್ನದ್ದು ಅಂತ ತಿಂದೆ."

"ನಾನೂ ಹಂಗಂತನ ಕೊಟ್ಟೆ," ಎಂದಳು ಶಾಹೀನ. ಬಟ್ಟಲು ಹಿಡಿದಿದ್ದ ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡಳು.

ಆಳಂದದ ಕಾಲೇಜಿನಲ್ಲಿ ಕಬಡ್ಡಿ ಕಲಿಸುವ ಧರ್ಮಣ್ಣ ಸರ್ ಈ ಓಣಿಗೆ ಮೊದಲ ಸಲ ಬಂದದ್ದು ಮಿನಾಜ ಹೈಸ್ಕೂಲಿನಲ್ಲಿದ್ದಾಗ. ಹುಡುಗಿ ಚಡ್ಡಿ ಹಾಕಿಕೊಂಡು ಗಂಡಸರ ಮುಂದೆ ಆಡುತ್ತಾಳೆ ಎಂದು ಓಣಿಯ ಹಿರಿಯರು ಮಸೀದಿಯ ಕಟ್ಟೆಯ ಮೇಲೆ ಹುಸೇನಪೀರನನ್ನು ಕೂಡಿಸಿಕೊಂಡು ಕೇಳಿದ್ದರು. ಸರ್ ಯಾರೂ ಕರೆಯದೆ ಬಂದು ಅದೇ ಕಟ್ಟೆಯ ಮೇಲೆ ಕುಳಿತರು. ಪಾದದವರೆಗೂ ಬರುವ ಪ್ಯಾಂಟು ಹೊಲಿಸಿ ತಂದಿದ್ದನ್ನು ತೋರಿಸಿದರು. ಹುಡುಗಿಯನ್ನು ದಿನಾ ಸಂಜೆಯ ಮಗ್ರಿಬ್ ಬಾಂಗಿನೊಳಗೆ ಮನೆ ಮುಟ್ಟಿಸುತ್ತೇನೆ, ಒಂದು ದಿನ ತಪ್ಪಿದರೆ ಅವತ್ತೇ ಬಿಡಿಸಿರಿ ಎಂದರು. ಒಂದು ದಿನವೂ ತಪ್ಪಿರಲಿಲ್ಲ. ಬಸ್ಸು ಕೆಟ್ಟ ದಿನ ಹೆಂಡತಿಯನ್ನೂ ಕರೆದುಕೊಂಡು ಟಂಟಂ ಆಟೋದಲ್ಲಿ ಬಂದು ಬಿಟ್ಟು ಹೋಗಿದ್ದರು. ಡಿಗ್ರಿಯೂ ನಿಮ್ಮ ಹತ್ತಿರವೇ ಎಂದು ಅಬ್ಬಾ ಅವರ ಕೈಯ ಮೇಲೆ ಕೈಯಿಟ್ಟು ಹೇಳಿದ್ದನ್ನು ಶಾಹೀನ ಈ ಪರದೆಯ ಹಿಂದಿನಿಂದಲೇ ನೋಡಿದ್ದಳು.

ಗೂಡಿನಲ್ಲಿದ್ದ ಮಿನಾಜಳ ಫೋನು ಗುಂಯ್ ಎಂದಿತು. ಜೊತೆಯಲ್ಲಿ ಆಡುವ ಗುಲನಾಜ ಬರೆದಿದ್ದಳು. ಶಾಹೀನ ಒಂದೊಂದೇ ಅಕ್ಷರ ಕೂಡಿಸಿ ಓದಿದಳು: "ನಮಗೂ ಹೇಳಲಿಲ್ಲಲ್ಲೇ. ಅಫಜಲಪುರದವರು ಹಾಕ್ಯಾರ ನೋಡು ನಿನ್ನ ಫೋಟೋ." ಕೆಳಗೆ ಫೋಟೋ ಇತ್ತು. ನೀಲಿ ಅಂಗಿಯ ಮೇಲೆ ಕಾಲೇಜಿನ ಹೆಸರು, ಅದರ ಹಿಂದೆ ಮಿನಾಜಳ ಉಬ್ಬಿದ ಕೆನ್ನೆ. ನೋಡಿದವರಿಗೆ ನಗುತ್ತಿದ್ದಾಳೆ ಎನ್ನಿಸಬೇಕು.

ಫೋನು ಕೈಯಲ್ಲಿರುವಾಗಲೇ ಕರೆ ಬಂತು. ಧರ್ಮಣ್ಣ ಸರ್ ಹೆಸರು. ಅಕ್ಕತಂಗಿಯರು ಅದನ್ನು ನೋಡುತ್ತ ನಿಂತರು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಬರಲಿಲ್ಲ.

ನೀರಿನ ನೆಪ ಮಾಡಿ ಅಬ್ಬಾ ಒಳಗೆ ಬಂದ. ಅಮ್ಮ ಅವನ ತೋಳು ಹಿಡಿದಳು. "ಆಗಂಗಿಲ್ಲ ಅಂತ ಹೇಳ್ರಿ ಅವರಿಗೆ."

"ಬೀಗರು. ಮನಿಗೆ ಬಂದು ಕುಂತಾರ. ಮಾರಿ ಮುಂದ ಹೆಂಗ ಅನ್ಲಿ?" ಅಬ್ಬಾ ಪರದೆಯ ಕಡೆ ನೋಡಿ ದನಿ ತಗ್ಗಿಸಿದ. "ಉಂಡು ಹೋಗಲಿ. ಆಮ್ಯಾಲ ಫೋನಿನಾಗ ಹೇಳಿದ್ರಾತು."

"ನಾಳಿ ಗಾಡಿ ತರ್ತಾರಂತ."

"ಲಗೂ ಉಣ್ಣಾಕ ನೀಡು," ಎಂದ ಅಬ್ಬಾ. ಯಾರ ಮುಖವನ್ನೂ ನೋಡದೆ ಖಾಲಿ ತಂಬಿಗೆ ಹಿಡಿದುಕೊಂಡೇ ಹೊರಗೆ ಹೋದ.

ಊಟ ನೀಡುವುದಕ್ಕೆ ಮುಂಚೆಯೇ ಓಣಿಯ ತಿರುವಿನಲ್ಲಿ ಮೋಟಾರ್ ಸೈಕಲ್ಲಿನ ಸದ್ದು ಕೇಳಿಸಿತು. ಮಟಕಿಗೆ ಆಳಂದವೇನು ದೂರವಲ್ಲ. ಮಿನಾಜ ಅಕ್ಕನ ಮಣಿಕಟ್ಟು ಹಿಡಿದುಕೊಂಡಳು. ಎದುರಾಳಿಯ ಪಾದ ಹಿಡಿದು ಕೆಡವುವ ಆ ಕೈ ಒದ್ದೆಯಾಗಿತ್ತು.

ಧರ್ಮಣ್ಣ ಬಾಗಿಲಲ್ಲಿ ನಿಂತರು. ಹಣೆಯ ಮೇಲೆ ಧೂಳಿತ್ತು. ಜಗದೇವ ಕುರ್ಚಿಯಿಂದ ಏಳಲಿಲ್ಲ.

"ಬರ್ರಿ ಸರ್. ಬಗಾರಾ ವಾಸನಿ ಆಳಂದ ತನಕ ಬಂತೇನು?"

"ನಿನ್ನ ವಾಸನಿ ಬಂತು ಜಗದೇವ," ಎಂದರು ಧರ್ಮಣ್ಣ. ಹುಸೇನಪೀರ ಚಾಪೆ ತೋರಿಸಿದರೂ ಕೂಡಲಿಲ್ಲ. "ನಮ್ಮ ಕಾಲೇಜಿಗೆ ಮಾತಾದ ಹುಡುಗಿ ಆಕಿ. ಕೇಳಾಕ ಬರೋ ಮೊದಲ ನನಗೊಂದು ಫೋನ್ ಮಾಡಬೇಕಿತ್ತು ನೀ."

"ಜೇವರ್ಗಿಯಿಂದ ಸುಮಂಗಲಾನ್ನ ಎಳಕೊಂಡು ಬಂದ್ರಲ್ಲ, ಅವಾಗ ಯಾರಿಗೆ ಫೋನ್ ಮಾಡಿದ್ರಿ ನೀವು?"

ಸುಮಂಗಲಾಳನ್ನು ಶಾಹೀನ ಬಲ್ಲಳು. ಮಿನಾಜಳ ಜೊತೆ ಬಂದು ಇದೇ ಚಾಪೆಯ ಮೇಲೆ ಕುಳಿತು ರೊಟ್ಟಿ ತಿಂದು, ಗಾದಿಯ ಮೇಲೆ ಲಾಗಾ ಹಾಕಿ ಅಮ್ಮನ ಕೈಯಲ್ಲಿ ಬೈಸಿಕೊಂಡಿದ್ದ ಹುಡುಗಿ. ಜೇವರ್ಗಿಯ ಕಾಲೇಜಿಗೂ ಹೂಂ ಅಂದು, ಆಳಂದಕ್ಕೂ ಹೂಂ ಅಂದವಳು ಎಂದು ಎರಡೂ ಕಡೆಯವರು ವಿಶ್ವವಿದ್ಯಾಲಯಕ್ಕೆ ದೂರು ಬರೆದರು. ಯಾರ ಪರವಾಗಿಯೂ ಆಡುವಂತಿಲ್ಲ ಎಂದು ಅವಳನ್ನು ವರ್ಷವಿಡೀ ಹೊರಗೆ ಕೂಡಿಸಿದರು. ವರ್ಷ ಮುಗಿದ ಮೇಲೆ ಯಾವ ಕಾಲೇಜಿನವರೂ ಅವಳನ್ನು ಕರೆಯಲು ಹೋಗಲಿಲ್ಲ. ಈಗ ಅವಳ ನಂಬರಿಗೆ ಮಿನಾಜ ಫೋನ್ ಹಚ್ಚಿದರೆ ಯಾರೋ ಗಂಡಸು ಎತ್ತಿ, ಯಾರಬೇ ನೀ ಎಂದು ಕೇಳಿ ಇಟ್ಟುಬಿಡುತ್ತಾನೆ.

"ಹೌದು, ತಂದಿದ್ದೆ," ಎಂದರು ಧರ್ಮಣ್ಣ. "ಆಕಿ ಏನಾದ್ಲು ಅನ್ನೋದೂ ನನಗ ಗೊತ್ತದ. ಅದಕ್ಕ ಬಂದೇನಿ."

"ಆದ್ರ ಈಗ ಬಿಡ್ರಿ ಹಂಗಾರ. ನೀವು ಸುಮ್ಮನಿದ್ರ ಯಾರೂ ದೂರು ಬರಿಯಂಗಿಲ್ಲ. ಆಕಿ ಆರಾಮ ಆಡ್ತಾಳ," ಎಂದ ಜಗದೇವ. ಮುಸ್ತಕೀಮನ ಕೈಯಲ್ಲಿದ್ದ ಫೋನಿನ ಕಡೆ ಗದ್ದ ತೋರಿಸಿದ. "ನೀವು ಬರದ್ರ ನಾವೂ ಬರೀತೇವಿ. ನಮ್ಮ ಕಡೆ ಫೋಟೋ ಅದ. ನಮ್ಮ ಅಂಗಿ ಹಿಡದಾಳ, ಬಾಯಿ ತುಂಬ ಸಕ್ರಿ ತಿಂದಾಳ. ಒತ್ತಾಯ ಮಾಡಿದ್ದು ಕಾಣತದೇನು ನೋಡ್ರಿ."

ಪರದೆಯ ಹಿಂದೆ ಮಿನಾಜ ಅಕ್ಕನ ಮಣಿಕಟ್ಟನ್ನು ಇನ್ನೂ ಬಿಗಿಯಾಗಿ ಹಿಡಿದಳು.

ಧರ್ಮಣ್ಣ ಅಬ್ಬಾನ ಕಡೆ ತಿರುಗಿದರು. "ಹುಸೇನಪೀರಣ್ಣ, ನೀ ಹೇಳು. ಅವತ್ತು ನನ್ನ ಕೈಯಾಗ ಕೊಟ್ಟ ಮಾತು ಅದನೋ ಇಲ್ಲೋ? ಇಲ್ಲ ಅಂದ್ರ ನಾ ಗಾಡಿ ಹೊಳ್ಳಿಸ್ತೇನಿ. ದೂರೂ ಬರಿಯಂಗಿಲ್ಲ, ಏನೂ ಇಲ್ಲ. ಆ ಹುಡುಗಿನ್ನ ಮತ್ತ ನಡುವ ಹಿಡಿದು ಜಗ್ಗೋದು ನನ್ನ ಕೈಲೆ ಆಗಂಗಿಲ್ಲ."

"ಸರ್..." ಎಂದ ಹುಸೇನಪೀರ.

"ಹೇಳ್ರಿ ಮಾಮು," ಎಂದ ಮುಸ್ತಕೀಮ. ಅವನ ದನಿ ಈಗಲೂ ಮೆತ್ತಗೇ ಇತ್ತು, ಆದರೆ ಅವನೂ ಬೆವೆತಿದ್ದ. "ನಿಮ್ಮ ಮಾತು ನಮಗೂ ಬೇಕು. ನಾ ಮನಿಗೆ ಹೋಗಿ ಅಮೀರಗ ಏನು ಹೇಳ್ಲಿ? ಇವತ್ತು ಒಬ್ಬರಿಗೆ, ನಾಳಿ ಒಬ್ಬರಿಗೆ ಅನ್ನೋ ಮನಿಯಿಂದ ಹುಡುಗಿ ತರ್ತೇವಿ ಅಂದ್ರ ನಮ್ಮ ಮಂದಿ ಕೇಳಂಗಿಲ್ಲೇನು?"

ಹುಸೇನಪೀರ ತಲೆಯೆತ್ತಿದ. ಧರ್ಮಣ್ಣ ಸರ್ ಅವರನ್ನು ನೋಡಲಿಲ್ಲ, ಮುಸ್ತಕೀಮನನ್ನೂ ನೋಡಲಿಲ್ಲ. ಪರದೆಯನ್ನು ನೋಡಿದ. ಅಬ್ಬಾ ಹುಡುಕುತ್ತಿದ್ದದ್ದು ಮಿನಾಜಳನ್ನಲ್ಲ, ತನ್ನನ್ನು ಎಂದು ಶಾಹೀನಳಿಗೆ ತಿಳಿಯಿತು. ಕೊಟ್ಟ ಮಾತನ್ನು ಒಮ್ಮೆಯೂ ನುಂಗದ ಆ ಮನುಷ್ಯ ಈಗ ಬಾಯಿ ತೆರೆದರೆ ದೊಡ್ಡ ಮಗಳ ಲಗ್ನಕ್ಕೋಸ್ಕರ ಅದನ್ನು ನುಂಗುತ್ತಾನೆ ಎಂಬುದು ಅವನ ಮುಖದ ಮೇಲೆ ಬರೆದಂತಿತ್ತು.

ಅವಳು ಮಣಿಕಟ್ಟಿನ ಮೇಲಿದ್ದ ತಂಗಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಎಲ್ಲಿಗೆಬೇ?" ಎಂದು ಅಮ್ಮ ಪಿಸುಗುಟ್ಟಿದಳು.

ಶಾಹೀನ ತಲೆಯ ಮೇಲೆ ಸೆರಗು ಸರಿಪಡಿಸಿಕೊಂಡು ಪರದೆ ಸರಿಸಿದಳು. ಗಂಡಸರು ಕುಳಿತ ಕೋಣೆಗೆ ಅವಳು ಹೀಗೆ ಎಂದೂ ಬಂದವಳಲ್ಲ. ಮಾತು ಪಕ್ಕಾ ಆದ ದಿನವೂ ಬಂದಿರಲಿಲ್ಲ. ಕಾಲ ಕೆಳಗಿನ ಫರಸಿಕಲ್ಲು ತಣ್ಣಗಿತ್ತು. ಮೂವರು ಗಂಡಸರ ಕಣ್ಣು ಮೈಮೇಲೆ ಬಿದ್ದದ್ದು ಅವಳಿಗೆ ತಲೆಯೆತ್ತದೆಯೂ ಗೊತ್ತಾಯಿತು. ಅಬ್ಬಾ ಮಾತ್ರ ನೆಲ ನೋಡಿದ. ಹೇಳಬೇಕೆಂದುಕೊಂಡಿದ್ದ ಮಾತು ಪೂರಾ ಹಾರಿಹೋಯಿತು.

ಮುಸ್ತಕೀಮನ ಫೋನು ಅವನ ತೊಡೆಯ ಮೇಲೆ ಬೆಳಗಿತು. ಯಾರೋ ಮತ್ತೊಬ್ಬರು ಶುಭಾಶಯ ಕಳಿಸಿದ್ದರು.

"ಭಾಯಿ," ಎಂದಳು ಶಾಹೀನ. ದನಿ ಅವಳಿಗೇ ಕೇಳಿಸಲಿಲ್ಲ. ಉಗುಳು ನುಂಗಿ ಇನ್ನೊಮ್ಮೆ ಹೇಳಿದಳು. "ಭಾಯಿ, ಆ ಫೋಟೋ ಅಳಿಸಿಬಿಡ್ರಿ. ನನ್ನ ತಾರೀಕು ಹಿಡೀಲಿಲ್ಲ ಅಂದ್ರೂ ನಡೀತದ."

ಫೋನಿನ ಬೆಳಕು ತಾನಾಗಿಯೇ ಆರಿತು. ಬಾಗಿಲ ಆಚೆ, ಬಿಸಿಲಲ್ಲಿ ನಿಂತ ಮೋಟಾರ್ ಸೈಕಲ್ಲಿನ ಎಂಜಿನ್ನು ಆರುತ್ತ ಟಿಕ್, ಟಿಕ್ ಎನ್ನುತ್ತಿತ್ತು.