ಬದುಕಿದ್ದವನಿಗಾಗಿ ಅತ್ತ ಹಾಡು

ಬೇಸಿಗೆಯ ಚಿತ್ತಿರೈ ಮಾಸದ ಆ ಪ್ರಾತಃಕಾಲದಲ್ಲಿ ಚೆಯ್ಯಾರು ನದಿಯಲ್ಲಿ ನೀರಿರಲಿಲ್ಲ, ಬೆಳಕಿತ್ತು! ದಡದಿಂದ ದಡಕ್ಕೆ ಹಾಸಿಕೊಂಡ ಮರಳಿನ ಮೇಲೆ ಅರುಣೋದಯದ ಹೊಂಬಣ್ಣ ಮೊಣಕಾಲುದ್ದ ತುಂಬಿ ಹರಿಯುತ್ತಿದೆಯೋ ಎಂಬಂತೆ ತೋರುತ್ತಿತ್ತು; ತಾಳೆಮರಗಳ ನೀಳಛಾಯೆಗಳು ಆ ಸುವರ್ಣಪ್ರವಾಹಕ್ಕೆ ಅಡ್ಡಲಾಗಿ ಮಲಗಿದ್ದವು; ಬೇವಿನ ಹೂಗಳ ಕಹಿಸೌರಭವನ್ನು ಹೊತ್ತ ಮಂದಮಾರುತ ಊರೊಳಗೆ ಬರಲೋ ಬೇಡವೋ ಎಂದು ಸಂಕೋಚಪಡುತ್ತಾ, ಬೀದಿಯ ಮೊದಲ ಮನೆಯ ಅಂಗಳದಲ್ಲೇ ಸುಳಿದಾಡುತ್ತಿತ್ತು... ಸಹೃದಯರೇ, ಇಂಥ ಬೆಳಗಿನಲ್ಲಿ ಯಾರಾದರೂ ಸಾಯುತ್ತಾರೆಯೇ? ವೇಡಿಯಪ್ಪನ್ ಸಾಯಲು ಹೊರಟಿದ್ದ. ಅದಕ್ಕೆ ಬೇಕಾದ ಚಾಪೆಯನ್ನೂ ಅಂಗಳದಲ್ಲಿ ತಾನೇ ಹಾಸುತ್ತಿದ್ದ.

ಸಾವು, ಶೋಕ ಎರಡೂ ಅವನಿಗೆ ಹೊಸತಲ್ಲ. ಹದಿನಾರರ ಪ್ರಾಯದಲ್ಲೇ ತೆರುಕೂತ್ತು ಎಂಬ ಬೀದಿಯಾಟದ ಮೇಳ ಸೇರಿ ಸ್ತ್ರೀವೇಷ ಕಟ್ಟಿದವನು. ಮಹಾಭಾರತದ ಆಟದ ಹದಿನೆಂಟನೆಯ ದಿನ, ಬಯಲಲ್ಲಿ ಮಣ್ಣಿನಿಂದ ಮಾಡಿ ಮಲಗಿಸಿದ ದುರ್ಯೋಧನನ ಮೇಲೆ ಬಿದ್ದು ಅವನ ಹೆಂಡತಿಯಾಗಿ ಎದೆ ಬಡಿದುಕೊಂಡನೆಂದರೆ, ನೆರೆದ ಮುತ್ತೈದೆಯರು ಗಾಬರಿಯಿಂದ ತಮ್ಮ ತಮ್ಮ ತಾಳಿ ಮುಟ್ಟಿಕೊಳ್ಳುತ್ತಿದ್ದರು. ಆಮೇಲೆ ಮದ್ರಾಸು, ಆಮೇಲೆ ಕಥೆ, ಕಾದಂಬರಿ, ಹಾಡು, ಈಗ ಐವತ್ತೊಂದರಲ್ಲಿ ಮೂರನೆಯ ಚಲನಚಿತ್ರ; ಅದರ ಚಿತ್ರೀಕರಣಕ್ಕೆಂದೇ ಊರಿಗೆ ಬಂದಿದ್ದ. ಅವನು ಬರೆದ ಪುಸ್ತಕಗಳಲ್ಲೆಲ್ಲ ಒಬ್ಬಳು ಹೆಣ್ಣು ಇರುತ್ತಿದ್ದಳು. ಕೇಳಿದವನಿಗೆ ಒಲ್ಲೆ ಎನ್ನುತ್ತಿದ್ದಳು. ತಲೆ ಎತ್ತಿಕೊಂಡು ನಡೆದುಬಿಡುತ್ತಿದ್ದಳು. ವಿಮರ್ಶಕರು ಅದಕ್ಕೆ ದೊಡ್ಡ ದೊಡ್ಡ ಹೆಸರುಗಳನ್ನು ಕೊಟ್ಟರು. ಅದರ ನಿಜವಾದ ಹೆಸರು ಪೂಂಗಾವನಂ.

ಪೂಂಗಾವನಂ ಅವನ ಸೋದರಮಾವನ ಮಗಳು. ಇಪ್ಪತ್ತಾರು ವರ್ಷಗಳ ಹಿಂದೆ, ಮಾವ ತೀರಿಕೊಂಡ ಮೇಲೆ ಮನೆಗೆ ಯಜಮಾನನಾಗಿದ್ದ ಅವಳ ಅಣ್ಣ ದುರೈಕಣ್ಣುವನ್ನು ವೇಡಿಯಪ್ಪನ್ ಏತದ ಬಾವಿಯ ಬಳಿ ನಿಲ್ಲಿಸಿ, "ಪೂಂಗಾವನ್ನ ನನಗೆ ಕೊಡ್ತೀಯಾ? ಮೊದಲು ಅವಳನ್ನೇ ಕೇಳು" ಎಂದಿದ್ದ. ಎರಡು ದಿನ ಕಳೆದು ದುರೈಕಣ್ಣು ಉತ್ತರ ತಂದ: "ಸೀರೆ ಉಟ್ಟು ಕುಣಿಯೋನ ಜೊತೆ ಬಾಳಲ್ಲ ಅಂದ್ಳು." ಆ ವಾರವೇ ವೇಡಿಯಪ್ಪನ್ ಬಸ್ಸು ಹತ್ತಿದ. ಆಮೇಲೆ ಮದುವೆಯ ಮಾತೆತ್ತಲಿಲ್ಲ. ಅವಳೂ ಬಂದ ವರಗಳನ್ನೆಲ್ಲ ಒಂದೊಂದು ನೆವ ಹೇಳಿ ತಿರುಗಿಸಿದಳೆಂಬ ಸುದ್ದಿ ಅವನಿಗೆ ತಲುಪಿತ್ತು, ಗರ್ವಿಷ್ಠೆ ಎಂದುಕೊಂಡಿದ್ದ. ಆ ಗರ್ವವನ್ನೇ ಅವನು ಪ್ರೀತಿಸಿದ್ದೂ ಹೌದು, ಮನುಷ್ಯನ ಹೃದಯಕ್ಕೆ ಬುದ್ಧಿ ಹೇಳಿದವರುಂಟೇ?

ಈಗ ಅವಳಿಗೆ ನಲವತ್ತೇಳು. ಸುತ್ತಲ ಏಳು ಹಳ್ಳಿಗಳಲ್ಲಿ ಸಾವಾದರೆ ಒಪ್ಪಾರಿ ಎತ್ತಿಕೊಡುವವಳು ಅವಳೇ. ಹೆಣದ ಸುತ್ತ ಕೂತ ಹೆಂಗಸರು ಒಬ್ಬರ ಹೆಗಲು ಒಬ್ಬರು ಹಿಡಿದು ಹಾಡಿಕೊಂಡು ಅಳುವಾಗ ಅವಳ ದನಿ ಎದ್ದರೆ, ಅಳು ಬಾರದ ಸೊಸೆಯಂದಿರಿಗೂ ಅಳು ಬರುತ್ತಿತ್ತು. ವೇಡಿಯಪ್ಪನ ಚಿತ್ರದಲ್ಲಿ ಒಬ್ಬ ಕೂತ್ತು ಕಲಾವಿದ ಸಾಯುತ್ತಾನೆ, ಹೆಂಡತಿ ಅಳುತ್ತಾಳೆ. ಪಟ್ಟಣದ ನಟಿಗೆ ಆ ಅಳು ಒಗ್ಗಲಿಲ್ಲ. ಆಗ ಅವನ ಅಕ್ಕ ಕನ್ನಿಯಮ್ಮಾಳ್, "ಊರಲ್ಲೇ ಇದ್ದಾಳಲ್ಲ, ಕೇಳೋಕೇನು ಕಷ್ಟ?" ಎಂದು ತಾನೇ ಹೋಗಿ ಕರೆತಂದಳು.

ಅವಳು ಬಂದಳು... ಹಿಮ್ಮಡಿ ಕಾಣುವಂತೆ ಎತ್ತಿ ಉಟ್ಟ ನೀಲಿ ನೂಲಿನ ಸೀರೆ, ಕಿವಿಯ ಬಳಿ ಬೆಳ್ಳಗಾದ ಕೂದಲು. ಇಪ್ಪತ್ತಾರು ವರ್ಷಗಳ ವಿರಹವನ್ನು ನೂರಾರು ಪುಟಗಳಲ್ಲಿ ವರ್ಣಿಸಿದವನು ಬಗ್ಗಿ ಚಾಪೆಯ ಮಡಿಕೆ ಸರಿಪಡಿಸತೊಡಗಿದ.

"ಯಾರು ಹೋಗಿರೋದು?" ಅವಳೇ ಕೇಳಿದಳು.

"ಯಾರೂ ಇಲ್ಲ. ಸಿನಿಮಾಕ್ಕೆ."

"ಹೆಸರಿಲ್ಲದೆ ಒಪ್ಪಾರಿ ಬರಲ್ಲ ಮಾಮ. ಬರೀ ಚಾಪೆ ನೋಡ್ಕೊಂಡು ಅಳೋಕೆ ನನಗೇನು ತಲೆ ಕೆಟ್ಟಿದ್ಯಾ?" ಸೋದರತ್ತೆಯ ಮಗನನ್ನು ಆ ಕಡೆ ಮಾಮ ಎಂದೇ ಕರೆಯುವುದು.

"ಹಾಗಾದ್ರೆ ನಾನೇ ಮಲಗ್ತೀನಿ. ನನ್ನ ಹೆಸರು ಹಾಕು."

ಕನ್ನಿಯಮ್ಮಾಳ್ ಬೆಚ್ಚಿ, ಹಿಡಿದಿದ್ದ ಮೊರವನ್ನು ಕೆಳಗಿಟ್ಟಳು. "ನಿನ್ನ ಬಾಯಿಗೆ ಬೆಂಕಿ ಹಾಕ. ಬದುಕಿರೋನ ಹೆಸರಲ್ಲಿ ಯಾರಾದ್ರೂ ಅಳಿಸ್ತಾರೇನೋ? ಮದ್ರಾಸಲ್ಲಿ ಓದಿ ಬರೆದು ಕಲಿತಿದ್ದು ಇದೇನಾ?"

"ವೇಷ ಅಕ್ಕ. ಬರೀ ವೇಷ."

ಪೂಂಗಾವನಂ ಮಾತ್ರ ಅವನ ಮುಖವನ್ನೇ ನೋಡುತ್ತಿದ್ದಳು. "ನಾನು ಶುರು ಮಾಡಿದ್ರೆ ಯಾರೂ ನಿಲ್ಲಿಸಬಾರ್ದು. ಒಪ್ಕೊಂಡ್ರೆ ಮಲ್ಕೋ" ಎಂದಳು.

ಅದು ಒಪ್ಪಾರಿಯ ಕಟ್ಟಳೆ. ಅಳುವವಳು ಏನನ್ನು ಹಾಡಿದರೂ ನಡುವೆ ತಡೆಯುವಂತಿಲ್ಲ, ಉತ್ತರ ಕೊಡುವಂತಿಲ್ಲ. ಮುಗಿದ ಮೇಲೆ ತವರಿನ ಗಂಡಸು ಕೈಕೊಟ್ಟು ಎಬ್ಬಿಸುವವರೆಗೆ ಅವಳು ನೆಲ ಬಿಟ್ಟು ಏಳುವಂತಿಲ್ಲ. ತಂಗಿಯ ಜೊತೆ ಬಂದ ದುರೈಕಣ್ಣು ಜಗಲಿಯ ಮೇಲೆ ಊರುಗೋಲು ಹಿಡಿದು ಕೂತೇ ಇದ್ದ. ವೇಡಿಯಪ್ಪನ್ ಕಣ್ಣುಮುಚ್ಚಿ ಮಲಗಿದ. ಛಾಯಾಗ್ರಾಹಕ ಇಗ್ನೇಶಿಯಸ್ ಸನ್ನೆ ಮಾಡಿದ. ಕ್ಯಾಮೆರಾದೊಳಗೆ ರೀಲು ತಿರುಗತೊಡಗಿತು.

ತಂದೆಗೆ ಅಳುವ ರಾಗ ಬೇರೆ, ಅಣ್ಣನಿಗೆ ಬೇರೆ, ಗಂಡನಿಗೆ ಬೇರೆ. ಮೊದಲ ಸಾಲಿನಲ್ಲೇ ಸತ್ತವನು ಯಾರಿಗೆ ಏನಾಗಬೇಕೆಂದು ಬೀದಿಗೇ ತಿಳಿದುಹೋಗುತ್ತದೆ. ನೆಂಟನೊಬ್ಬನಿಗೆ ಅಳುವ ಸಾಧಾರಣ ರಾಗವನ್ನೇ ಎತ್ತುತ್ತಾಳೆಂದು ನೋಡಲು ನೆರೆದ ಬೀದಿಯವರೆಲ್ಲ ಕಾಯುತ್ತಿದ್ದರು. ಪೂಂಗಾವನಂ ಮುಡಿ ಬಿಚ್ಚಿದಳು. ಬಳೆಯ ಕೈಗಳನ್ನು ನೆಲಕ್ಕೆ ಅಪ್ಪಳಿಸಿದಳು. ಆಮೇಲೆ ಆ ಕಂಠದಿಂದ ಹೊರಟದ್ದು...

*ಮಲ್ಲಿಗೆ ಮಾಲೆ ಕಟ್ಟಿ ಮಡಿಲಲ್ಲೆ ಇಟ್ಟುಕೊಂಡೆ,*
*ಮುಡಿಸುವ ಕೈ ಬರಲಿಲ್ಲ, ನನ್ನ ರಾಸಾ...*

ಹೆಂಡತಿಯ ಒಪ್ಪಾರಿ!

ಮುದುಕಿಯೊಬ್ಬಳು ಎಲೆಅಡಿಕೆ ತುಂಬಿದ ಬಾಯನ್ನು ಹಾಗೆಯೇ ತೆರೆದುಕೊಂಡಳು. ಕನ್ನಿಯಮ್ಮಾಳ್ ಗೋಡೆ ಹಿಡಿದಳು. ತಾಳಿಯನ್ನೇ ಕಾಣದ ಹೆಣ್ಣು, ಊರೆಲ್ಲ ಗೌರವದಿಂದ ಕರೆದು ಕೂರಿಸುವ ಹೆಣ್ಣು, ಹಾಡುಹಗಲಲ್ಲಿ, ಯಂತ್ರದ ಕಣ್ಣೆದುರಿಗೆ, ಪರಪುರುಷನೊಬ್ಬನನ್ನು ಗಂಡನೆಂದು ಅಳುತ್ತಿದ್ದಾಳೆ... ತಡೆಯುವ ಹಾಗಿಲ್ಲ! ದುರೈಕಣ್ಣುವಿನ ಊರುಗೋಲು ಜಾರಿ ಜಗಲಿಯಿಂದ ಕೆಳಗೆ ಉರುಳಿತು. ಅದನ್ನು ಎತ್ತಿಕೊಡಲು ಯಾರಿಗೂ ತೋಚಲಿಲ್ಲ.

ಚಾಪೆಯ ಮೇಲಿದ್ದವನಿಗೆ ಮಾತ್ರ ಸಿಡಿಲು ಇನ್ನೂ ಬಡಿದಿರಲಿಲ್ಲ. ಅದು ಬಂದದ್ದು ಎರಡನೆಯ ಸುತ್ತಿನಲ್ಲಿ.

*ಎಲೆಅಡಿಕೆ ತಟ್ಟೆ ನಮ್ಮ ಹೊಸ್ತಿಲು ದಾಟಲಿಲ್ಲ,*
*ಬರ್ತೀಯಾ ಅಂತೊಂದು ಮಾತು ಕೇಳಿಸಲಿಲ್ಲ...*
*ಕೇಳಿದ್ದರೆ ಉಟ್ಟ ಬಟ್ಟೇಲೇ ಬರುತಿದ್ದೆ,*
*ನಿನ್ನ ವೇಷದ ಸೀರೆಗೆ ನಾನೆ ನಿರಿಗೆ ಹಿಡಿಯುತಿದ್ದೆ, ನನ್ನ ರಾಸಾ...*

ಕೇಳಿಸಲಿಲ್ಲ! ಅವಳಿಗೆ ಯಾರೂ ಕೇಳಿಯೇ ಇರಲಿಲ್ಲ! ಹಾಗಾದರೆ ಒಲ್ಲೆ ಎಂದವಳು ಯಾರು? ಯಾವ ಒಂದು ನಿರಾಕರಣೆಯ ಮೇಲೆ ತನ್ನ ಬರಹವೆಲ್ಲ ನಿಂತಿತ್ತೋ, ಯಾವ ಗರ್ವಿಷ್ಠೆಯನ್ನು ಪುಸ್ತಕದಿಂದ ಪುಸ್ತಕಕ್ಕೆ ನಡೆಸಿಕೊಂಡು ಹೋಗಿದ್ದನೋ, ಅವಳು ಹುಟ್ಟಿಯೇ ಇರಲಿಲ್ಲ. ಇದ್ದವಳು ಇಲ್ಲಿ, ಒಂದು ಮೊಳದ ದೂರದಲ್ಲಿ, ಸೀರೆಯ ನಿರಿಗೆ ಹಿಡಿಯಲು ಕಾದು ಕೂತಿದ್ದಳು. ಎದ್ದು ಕೂಗಬೇಕೆನಿಸಿತು ಅವನಿಗೆ. ಆದರೆ ಹೆಣ ಏಳಬಾರದು, ಉತ್ತರ ಕೊಡಬಾರದು. ಆ ಮಣ್ಣಿನ ದುರ್ಯೋಧನನೂ ಮಾಡುತ್ತಿದ್ದ ಸುಲಭವಾದ ಕೆಲಸ, ಕದಲದೆ ಮಲಗುವುದು, ಆ ದಿನ ಅವನಿಂದಾಗಲಿಲ್ಲ. ಮುಚ್ಚಿದ ಎಡಗಣ್ಣಿನ ಅಂಚಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು.

"ಹೆಣ ಅಳ್ತಾ ಇದೆಯಲ್ರೀ..." ಇಗ್ನೇಶಿಯಸ್ ಪಿಸುಗುಟ್ಟಿದ.

ಹಾಡು ಮುಗಿಯಿತು. ಪೂಂಗಾವನಂ ತಲೆ ತಗ್ಗಿಸಿ ನೆಲದ ಮೇಲೆಯೇ ಕೂತಿದ್ದಳು. ಈಗ ತವರಿನ ಕೈ ಬರಬೇಕು. ಜಗಲಿಯ ಮೇಲೆ ದುರೈಕಣ್ಣು ಕದಲಲಿಲ್ಲ. ಅಂಗಳದ ಬೆಳಕು ಬಿಳುಪಿಗೆ ತಿರುಗುತ್ತಿತ್ತು. ಅವಳು ಏಳದೆ ಕೂತಷ್ಟು ಹೊತ್ತೂ ಅವಳ ಮಾನ ಆ ಬೆಳಕಿನಲ್ಲಿ ನೆಲದ ಮೇಲೆ ಬಿದ್ದಿತ್ತು.

ಆಗ ಸತ್ತವನು ಎದ್ದು ಕೂತ.

"ಕೇಳಿದ್ದೆ ಪೂಂಗಾ," ಎಂದ. "ಬಾವಿ ಹತ್ರ. ನಿಮ್ಮಣ್ಣನ್ನ ಕೇಳಿದ್ದೆ."

ಅವಳು ಮೊದಲು ಅವನನ್ನು ನೋಡಿದಳು. ಆಮೇಲೆ ನಿಧಾನವಾಗಿ ಕತ್ತು ತಿರುಗಿಸಿ ಜಗಲಿಯನ್ನು ನೋಡಿದಳು. ಏಳು ಹಳ್ಳಿಗಳ ಸಾವು ಕಂಡ ಆ ಕಣ್ಣುಗಳು ಇಂಥ ಸಾವನ್ನು ಕಂಡಿರಲಿಲ್ಲ.

ದುರೈಕಣ್ಣು ತಲೆ ಎತ್ತಲಿಲ್ಲ. "ಜನ ನಗ್ತಾರೆ ಅಂತ... ಸೀರೆ ಉಡೋನು ಭಾವ ಅಂದ್ರೆ ನಗ್ತಾರೆ ಅಂತ ಹೆದರಿದೆ" ಎಂದ. ಇಪ್ಪತ್ತಾರು ವರ್ಷಗಳಿಗೆ ಅಷ್ಟೇ ಕಾರಣ. ಅದಕ್ಕಿಂತ ದೊಡ್ಡದು ಅವನಲ್ಲಿ ಇರಲಿಲ್ಲ.

ವೇಡಿಯಪ್ಪನ್ ಕೈ ಚಾಚಿದ. ಕಟ್ಟಳೆಯ ಪ್ರಕಾರ ಅದು ಕೊಡಬೇಕಾದ ಕೈಯಲ್ಲ. ಪೂಂಗಾವನಂ ಅದನ್ನು ಬಹಳ ಹೊತ್ತು ನೋಡಿ, ಹಿಡಿದು, ಎದ್ದಳು. ಹಾಗೆ ಎದ್ದವಳ ಮೊದಲ ಮಾತು ಇಗ್ನೇಶಿಯಸ್‌ಗೆ, ಏಕೆಂದರೆ ಅವನು ಇನ್ನೊಂದು ಸಲ ತೆಗೆಯಬಹುದೇ ಎಂದು ಅಂಜುತ್ತಾ ಕೇಳಿಬಿಟ್ಟಿದ್ದ, ಪಾಪ.

"ಒಬ್ಬರಿಗೆ ಒಂದೇ ಸಲ ಅಳೋದಪ್ಪ. ಇವರಿಗೆ ಅತ್ತಾಯ್ತು."

"ನಾನು ನಿಜವಾಗ್ಲೂ ಹೋದಾಗ?" ವೇಡಿಯಪ್ಪನ್ ಕೇಳಿದ.

"ಬೇರೆಯವರು ಅಳ್ಲಿ. ನನ್ನ ಪಾಲಿನದು ಮುಗೀತು ಮಾಮ."

ಅಷ್ಟರಲ್ಲಿ ಕನ್ನಿಯಮ್ಮಾಳ್ ಒಳಗಿನಿಂದ ಅರಿಶಿನ ಕಲಸಿದ ನೀರಿನ ಬಿಂದಿಗೆ ಹೊತ್ತು ಬಂದಿದ್ದಳು; ಬದುಕಿದ್ದವನ ಮೇಲೆ ಅತ್ತ ದೋಷ ಅದರಿಂದ ಕಳೆಯಬೇಕು. ತಮ್ಮನ ತಲೆಗೆ ಸುರಿಯಲು ಎತ್ತಿದವಳು, ಏನು ಹೊಳೆಯಿತೋ, ತಡೆದು ನಿಂತು ಬಿಂದಿಗೆಯನ್ನು ಪೂಂಗಾವನಂ ಕೈಗೆ ಕೊಟ್ಟಳು. ಆ ಊರಿನಲ್ಲಿ ಸೋದರಮಾವನ ಮಗಳು ಸೋದರತ್ತೆಯ ಮಗನ ಮೇಲೆ ಅರಿಶಿನದ ನೀರು ಹುಯ್ಯುವುದಕ್ಕೆ ಇನ್ನೊಂದು ಅರ್ಥ ಇದೆ. ಅದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಬೀದಿಯ ಹೆಂಗಸರೆಲ್ಲ ಅರ್ಥಮಾಡಿಕೊಂಡರು. ಹೊಳೆಯಲ್ಲಿಲ್ಲದ ನೀರು ಅಂಗಳದಲ್ಲಿ ಹರಿಯಿತು.

ಚಿತ್ರ ಬಿಡುಗಡೆಯಾದಾಗ ಆ ದೃಶ್ಯ ಅದರಲ್ಲಿರಲಿಲ್ಲ. ಬರೀ ಒಂದು ಖಾಲಿ ಚಾಪೆ, ಅದರ ಮೇಲೆ ಸರಿಯುವ ಬಿಸಿಲು, ಸದ್ದಿಲ್ಲ. ವಿಮರ್ಶಕರು ಆ ಮೌನಕ್ಕೂ ದೊಡ್ಡ ದೊಡ್ಡ ಹೆಸರುಗಳನ್ನು ಕೊಟ್ಟರು. ಅಷ್ಟು ಹೊತ್ತಿಗೆ ಆ ಮೌನದ ಒಡೆಯ ಊರಿನ ಮನೆಯಲ್ಲಿ ವೇಷದ ಸೀರೆ ಉಡುತ್ತಿದ್ದ. ಪೂಂಗಾವನಂ ಮೊಣಕಾಲೂರಿ ಕೂತು ನಿರಿಗೆ ಹಿಡಿಯುತ್ತಿದ್ದಳು, "ನೆಟ್ಟಗೆ ನಿಂತ್ಕೋ" ಎಂದು ಗದರುತ್ತಿದ್ದಳು... ಅನುರಾಗವೆಂಬುದು, ಸಹೃದಯರೇ, ಹೇಳದೆ ಉಳಿದರೂ ಸಾಯುವುದಿಲ್ಲ. ಆದರೆ ಯಾರೋ ಒಬ್ಬರು ನಮಗೆ ತಂದುಕೊಟ್ಟ ಉತ್ತರವನ್ನು ನಂಬಿ, ಎಷ್ಟು ಮಂದಿ ನಾವು ಬದುಕಿರುವಾಗಲೇ ಚಾಪೆಯ ಮೇಲೆ ಕಣ್ಣುಮುಚ್ಚಿ ಮಲಗಿಬಿಡುತ್ತೇವೆ! ಆ ಅರಿಶಿನದ ನೀರಿನ ಮರುದಿನದಿಂದ ಪೂಂಗಾವನಂ ಏಳು ಹಳ್ಳಿಗಳ ಸಾವುಗಳಿಗೆ ಮೊದಲಿನಂತೆಯೇ ಹೋಗಿ ಅತ್ತಳು. ಮನೆಯಲ್ಲಿ ಮಾತ್ರ ಅವಳು ಅತ್ತದ್ದನ್ನು ಆಮೇಲೆ ಯಾರೂ ಕೇಳಲಿಲ್ಲ.